ಮಳೆಗಾಲ ಬಂದೊಡನೆ ಸೆನ್ಸರ್‌ಗಳ ಸೆಲ್ಲು ಏಕೆ ಮುಗಿಯುತ್ತದೆ?

ಪ್ರಶ್ನೆ: ಸರ್, ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮದು ಚಿರೆಕಲ್ಲಿನ ಗೋಡೆಯ ಮಹಡಿ ಮನೆ. ಜಿಗ್ಬೀ ಎಂಬ ಕಡಿಮೆ ಶಕ್ತಿಯ ರೇಡಿಯೋ ಜಾಲದ ಹಬ್ ಒಂದನ್ನು ತಂದು ಆರು ಬಾಗಿಲು ಸೆನ್ಸರ್, ಮೂರು ತಾಪಮಾನದ ಸೆನ್ಸರ್, ನಾಲ್ಕು ಮೋಷನ್ ಸೆನ್ಸರ್ ಹಾಕಿಸಿದ್ದೇವೆ. ಮೊದಲೆರಡು ಬಗೆಯವಕ್ಕೆ ಸಿಆರ್2032 ಸೆಲ್, ಮೋಷನ್ ಸೆನ್ಸರ್‌ಗೆ ಸಿಆರ್2450. ಮುಂಬಾಗಿಲಿಗೆ ನಾಲ್ಕು ಎಎ ಸೆಲ್ಲಿನ ಡಿಜಿಟಲ್ ಲಾಕ್, ಗೇಟಿಗೆ ಎರಡು ಎಎಎ ಸೆಲ್ಲಿನ ವೈಫೈ ಸೆನ್ಸರ್. ನೀರಿನ ಟ್ಯಾಂಕಿಗೆ ಮಗ ಇಎಸ್‌ಪಿ8266 ಎಂಬ ವೈಫೈ ಚಿಪ್ಪಿನ ಬೋರ್ಡಿನಲ್ಲಿ ಮಾಡಿಕೊಟ್ಟ ಸೆನ್ಸರ್ ಇದೆ. ಡಬ್ಬಿಯ ಮೇಲೆ ಎರಡು ವರ್ಷ ಬಾಳಿಕೆ ಎಂದಿದೆ. ಬೇಸಿಗೆಯಲ್ಲಿ ತೊಂದರೆಯಿಲ್ಲ. ಜೂನ್ ಬಂತೆಂದರೆ ಮಹಡಿಯ ಮೇಲಿನವು ಮೂರು ತಿಂಗಳಿಗೇ ಸತ್ತುಹೋಗುತ್ತವೆ, ಲಾಕ್‌ನ ಸೆಲ್ಲು ಆರು ವಾರ ಬರುವುದೂ ಕಷ್ಟ. ತೇವ ಸೆಲ್ಲನ್ನು ತಿನ್ನುತ್ತಿದೆಯೇ? ರೀಚಾರ್ಜೆಬಲ್ ಸೆಲ್ ಹಾಕಬಹುದೇ? ಮಳೆಗಾಲದಲ್ಲಿ ದಿನಕ್ಕೆ ಐದಾರು ಗಂಟೆ ಕರೆಂಟು ಇರುವುದಿಲ್ಲ. ಹಬ್ ಮತ್ತು ವೈಫೈ ರೌಟರ್ ಯುಪಿಎಸ್ ಮೇಲಿವೆ. ಮಹಡಿಯ ಮೂರು ಸ್ಮಾರ್ಟ್ ಪ್ಲಗ್, ಐದು ಸ್ಮಾರ್ಟ್ ಬಲ್ಬ್ ಮಾಮೂಲಿ ಲೈನಿನಲ್ಲಿವೆ.

ಉತ್ತರ: ತೇವದ ಪಾಲೂ ಇದೆ, ಆದರೆ ಅದು ಚಿಕ್ಕದು. ದೊಡ್ಡ ಕಾರಣವನ್ನು ನೀವೇ ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಹಬ್ ಯುಪಿಎಸ್ ಮೇಲಿದೆ, ಪ್ಲಗ್ ಮತ್ತು ಬಲ್ಬುಗಳು ಇಲ್ಲ. ಕರೆಂಟು ಹೋದಾಗ ನಿಮ್ಮ ಸೆನ್ಸರ್‌ಗಳು ಸುಮ್ಮನೆ ಮಲಗಿರುವುದಿಲ್ಲ, ಕಳೆದುಹೋದ ದಾರಿಯನ್ನು ಹುಡುಕುತ್ತಾ ಕೂರುತ್ತವೆ. ಸೆಲ್ಲು ಮುಗಿಯುವುದು ಆ ಹುಡುಕಾಟದಲ್ಲಿ.

ಜಿಗ್ಬೀ ಜಾಲದಲ್ಲಿ ಸೆಲ್ಲಿನ ಸಾಧನ ನೇರವಾಗಿ ಹಬ್ ಜೊತೆ ಮಾತಾಡಬೇಕೆಂದಿಲ್ಲ. ಹತ್ತಿರದಲ್ಲಿ ಸದಾ ಕರೆಂಟಿನ ಮೇಲೆ ಎಚ್ಚರವಾಗಿರುವ ಪ್ಲಗ್ಗೋ ಬಲ್ಬೋ ಇದ್ದರೆ ಅದನ್ನೇ ತನ್ನ ಪೇರೆಂಟ್ ಎಂದು ಹಿಡಿದುಕೊಳ್ಳುತ್ತದೆ. ಇಂಥ ಎಚ್ಚರದ ಸಾಧನವನ್ನು ಜಿಗ್ಬೀಯಲ್ಲಿ ರೌಟರ್ ಎನ್ನುತ್ತಾರೆ. ವೈಫೈ ರೌಟರ್ ಜೊತೆ ಗೊಂದಲವಾಗದಿರಲಿ ಎಂದು ಇಲ್ಲಿ ರಿಪೀಟರ್ ಎನ್ನೋಣ. ಸೆನ್ಸರ್‌ಗೆ ಬಂದ ಸಂದೇಶವನ್ನು ಪೇರೆಂಟ್ ಸುಮಾರು 7.68 ಸೆಕೆಂಡು ಇಟ್ಟುಕೊಂಡಿರುತ್ತದೆ. ಸೆನ್ಸರ್ ಆಗಾಗ ಎದ್ದು ‘ನನಗೇನಾದರೂ ಬಂದಿದೆಯೇ’ ಎಂದು ವಿಚಾರಿಸಿ, ಇಲ್ಲವೆಂದರೆ ಮತ್ತೆ ಮಲಗುತ್ತದೆ. ಈ ವಿಚಾರಣೆಗೆ ಹಿಡಿಯುವುದು ಕೆಲವೇ ಮಿಲಿಸೆಕೆಂಡು.

ಲೆಕ್ಕ ಹಾಕಿದರೆ ವಿಷಯ ಕಣ್ಣಿಗೆ ಕಟ್ಟುತ್ತದೆ. ಸಿಆರ್2032 ಸೆಲ್ಲಿನಲ್ಲಿರುವುದು ಸುಮಾರು 220 ಎಂಎಎಚ್ (ಮಿಲಿಆಂಪಿಯರ್-ಅವರ್, ಸೆಲ್ಲಿನಲ್ಲಿ ಎಷ್ಟು ತುಂಬಿದೆ ಎಂಬುದರ ಅಳತೆ). ಮಲಗಿರುವಾಗ ಸೆನ್ಸರ್ 2 ಮೈಕ್ರೋಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ, ತಿಂಗಳಿಗೆ ಒಂದೂವರೆ ಎಂಎಎಚ್ ಆಯಿತು. ಪ್ರತಿ 5 ಸೆಕೆಂಡಿಗೊಮ್ಮೆ ಎದ್ದು 10 ಮಿಲಿಆಂಪಿಯರ್‌ನಂತೆ 5 ಮಿಲಿಸೆಕೆಂಡು ವಿಚಾರಿಸಿದರೆ ತಿಂಗಳಿಗೆ ಇನ್ನೊಂದು 7.2 ಎಂಎಎಚ್. ಬಾಗಿಲು ದಿನಕ್ಕೆ ನೂರು ಸಲ ವರದಿ ಕಳಿಸಿದರೂ ತಿಂಗಳಿಗೆ 0.2 ಎಂಎಎಚ್ ದಾಟುವುದಿಲ್ಲ. ಎಲ್ಲ ಸೇರಿ ತಿಂಗಳಿಗೆ ಸುಮಾರು 9. 220ನ್ನು 9ರಿಂದ ಭಾಗಿಸಿದರೆ 24 ತಿಂಗಳು ಚಿಲ್ಲರೆ. ಡಬ್ಬಿಯ ಮೇಲಿನ ಎರಡು ವರ್ಷ ಸುಳ್ಳಲ್ಲ.

ಈಗ ಕರೆಂಟು ಹೋಗಿ ಪೇರೆಂಟ್ ಸತ್ತಿತು ಎನ್ನಿ. ಸೆನ್ಸರ್ ಜಿಗ್ಬೀಯ 11ರಿಂದ 26ರವರೆಗಿನ ಹದಿನಾರೂ ಚಾನೆಲ್‌ಗಳನ್ನು ಒಂದೊಂದಾಗಿ ಆಲಿಸಬೇಕಾಗಬಹುದು. ಒಂದು ಚಾನೆಲ್‌ಗೆ ಸಾಮಾನ್ಯವಾಗಿ 138 ಮಿಲಿಸೆಕೆಂಡು, ಒಟ್ಟು ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ರೇಡಿಯೋ ಉರಿಯುತ್ತಿರುತ್ತದೆ. ಇಂಥ ಒಂದು ಸುತ್ತಿಗೆ ಮಾಮೂಲಿ ವಿಚಾರಣೆ 440 ಸಲ ಮಾಡಿದಷ್ಟು ಖರ್ಚು. ನಿಮಿಷಕ್ಕೊಂದು ಸುತ್ತಿನಂತೆ ಆರು ಗಂಟೆ ಹುಡುಕಿದರೆ ದಿನಕ್ಕೆ 2.2, ತಿಂಗಳಿಗೆ 66 ಎಂಎಎಚ್. ಮಾಮೂಲಿ 9 ಕೂಡಿಸಿದರೆ 75. ಸೆಲ್ಲು ಬರುವುದು ಮೂರೇ ತಿಂಗಳು, ನೀವು ಹೇಳಿದಷ್ಟೇ. ಒಳ್ಳೆಯ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಇರುವ ಸೆನ್ಸರ್‌ಗಳು ಒಂದೆರಡು ಸಲ ಹುಡುಕಿ ಸಿಗದಿದ್ದರೆ ಅಂತರವನ್ನು ಹತ್ತು ನಿಮಿಷ, ಅರ್ಧ ಗಂಟೆ ಎಂದು ಹೆಚ್ಚಿಸಿಕೊಳ್ಳುತ್ತವೆ. ಅಗ್ಗದವು ಹಟ ಬಿಡುವುದಿಲ್ಲ. ಒಂದೇ ಮನೆಯಲ್ಲಿ ಒಂದು ಸೆನ್ಸರ್ ವರ್ಷ ಬಾಳಿ, ಪಕ್ಕದ್ದು ಮೂರು ತಿಂಗಳಿಗೆ ಸಾಯುವುದು ಹೀಗೆ.

ನಂಬುವ ಮೊದಲು ಒಮ್ಮೆ ಪರೀಕ್ಷಿಸಿ. ಮಹಡಿಯ ಎಂಸಿಬಿಯನ್ನು ಹಗಲಿನಲ್ಲಿ ಹದಿನೈದು ನಿಮಿಷ ಆಫ್ ಮಾಡಿ. ಹತ್ತು ನಿಮಿಷ ಬಿಟ್ಟು ಮಹಡಿಯ ಸೆನ್ಸರ್ ಇರುವ ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಮುಚ್ಚಿ. ಯಾವುದರ ಸುದ್ದಿ ಹಬ್‌ಗೆ ಮುಟ್ಟುತ್ತದೋ ಅದು ನೇರವಾಗಿ ಹಬ್ಬನ್ನೋ, ಯುಪಿಎಸ್ ಮೇಲಿನ ಬೇರೇನನ್ನೋ ಹಿಡಿದಿದೆ, ಅದರ ಚಿಂತೆ ಬೇಡ. ಸುದ್ದಿ ಮುಟ್ಟದವನ್ನು ಬರೆದಿಟ್ಟುಕೊಳ್ಳಿ. ಮುಂದಿನ ಕೆಲಸವೆಲ್ಲ ಅವುಗಳದ್ದೇ.

ಪರಿಹಾರ ಸರಳ: ಮಹಡಿಯಲ್ಲಿ ಕನಿಷ್ಠ ಒಂದು, ಸಾಧ್ಯವಾದರೆ ಎರಡು ರಿಪೀಟರ್‌ಗಳು ಯುಪಿಎಸ್ ಲೈನಿಗೆ ಬರಬೇಕು. ಸ್ಮಾರ್ಟ್ ಪ್ಲಗ್ ಸ್ವಂತಕ್ಕೆ ಎಳೆಯುವುದು ಹೆಚ್ಚೆಂದರೆ 1 ವ್ಯಾಟ್ ಆಸುಪಾಸು. 12 ವೋಲ್ಟಿನ 150 ಎಎಚ್ ಬ್ಯಾಟರಿಯ ಯುಪಿಎಸ್‌ಗೆ ಮೂರು ಪ್ಲಗ್ ಆರು ಗಂಟೆ ಓಡಿದರೂ ನೂರಕ್ಕೆ ಒಂದು ಪಾಲಿನ ಹೊರೆ. ಆದರೆ ಆ ಪ್ಲಗ್‌ಗೆ ಇಸ್ತ್ರಿಪೆಟ್ಟಿಗೆ, ಹೀಟರ್ ಸಿಕ್ಕಿಸದ ಹಾಗೆ ಮನೆಯವರಿಗೆಲ್ಲ ಹೇಳಿ, ಯುಪಿಎಸ್ ಟ್ರಿಪ್ ಆಗುತ್ತದೆ. ನಿಮ್ಮದು ಹಳೆಯ ಸ್ಕ್ವೇರ್ ವೇವ್ ಯುಪಿಎಸ್ ಆಗಿದ್ದರೆ ಇನ್ನೊಂದು ಎಚ್ಚರ. ಕೆಲವು ಅಗ್ಗದ ಪ್ಲಗ್‌ಗಳು ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ಮೂಲಕವೇ ವೋಲ್ಟೇಜ್ ಇಳಿಸಿಕೊಳ್ಳುತ್ತವೆ. ಅವು ಸ್ಕ್ವೇರ್ ವೇವ್ ಮೇಲೆ ವಿಪರೀತ ಬಿಸಿಯಾಗುತ್ತವೆ. ಅಂಥ ಮನೆಗೆ ಯುಎಸ್‌ಬಿಯಿಂದ ಓಡುವ ಜಿಗ್ಬೀ ರಿಪೀಟರ್ ವಾಸಿ: ಯುಪಿಎಸ್ ಲೈನಿನ ಸಾಕೆಟ್ಟಿಗೆ ಒಳ್ಳೆಯ ಫೋನ್ ಚಾರ್ಜರ್, ಅದಕ್ಕೆ ರಿಪೀಟರ್. ಪವರ್ ಬ್ಯಾಂಕ್‌ನಿಂದ ಓಡಿಸುವ ಯೋಚನೆ ಬೇಡ. ಇಷ್ಟು ಸಣ್ಣ ಹೊರೆಯನ್ನು ಬಹಳಷ್ಟು ಪವರ್ ಬ್ಯಾಂಕುಗಳು ‘ಏನೂ ಸಿಕ್ಕಿಸಿಲ್ಲ’ ಎಂದು ತಿಳಿದು ತಾವೇ ಆಫ್ ಆಗುತ್ತವೆ.

ರಿಪೀಟರ್ ಹಾಕಿದ ಮಾತ್ರಕ್ಕೆ ಸೆನ್ಸರ್‌ಗಳು ತಾವಾಗಿ ಅದಕ್ಕೆ ಬದಲಾಗುತ್ತವೆ ಎಂದು ಕಾಯಬೇಡಿ. ಕೆಲವು ಕಂಪನಿಯವು ಹಳೆಯ ಪೇರೆಂಟ್ ಬಿಡುವುದೇ ಇಲ್ಲ. ಮೊದಲು ರಿಪೀಟರನ್ನು ಅದರ ಕಾಯಂ ಜಾಗದಲ್ಲೇ ಜಾಲಕ್ಕೆ ಸೇರಿಸಿ. ಆಮೇಲೆ ಪಟ್ಟಿಯಲ್ಲಿರುವ ಸೆನ್ಸರನ್ನು ಅದರ ಜಾಗದಿಂದ ಕದಲಿಸದೆ, ಆ್ಯಪ್‌ನಿಂದ ಅಳಿಸದೆ, ಪೇರಿಂಗ್ ಬಟನ್ 5 ಸೆಕೆಂಡು ಒತ್ತಿ ಮತ್ತೆ ಸೇರಿಸಿ. ಹೆಸರು, ಆಟೋಮೇಷನ್ ಹಾಗೇ ಉಳಿಯುತ್ತವೆ. ಹೋಮ್ ಅಸಿಸ್ಟೆಂಟ್ ಜೊತೆ ಜಿಗ್ಬೀ2ಎಂಕ್ಯೂಟಿಟಿ ತಂತ್ರಾಂಶ ಬಳಸುವವರು ಸೇರ್ಪಡೆಯನ್ನು ಆ ರಿಪೀಟರ್ ಮೂಲಕ ಮಾತ್ರ ತೆರೆಯಬಹುದು, ಆಗ ಸೆನ್ಸರ್ ಬೇರೆ ಕಡೆ ಹೋಗಲು ಅವಕಾಶವೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಮತ್ತೆ ಎಂಸಿಬಿ ಪರೀಕ್ಷೆ ಮಾಡಿ.

ಬಲ್ಬುಗಳ ವಿಷಯ ಬೇರೆಯೇ ಹೇಳಬೇಕು. ಅವೂ ರಿಪೀಟರ್‌ಗಳೇ, ಆದರೆ ರಾತ್ರಿ ಮಲಗುವಾಗ ಯಾರೋ ಗೋಡೆಯ ಸ್ವಿಚ್ ಆರಿಸುತ್ತಾರೆ. ಸೆನ್ಸರ್ ಪಾಲಿಗೆ ಅದು ದಿನಾ ಎಂಟು ಗಂಟೆ ಕರೆಂಟು ಹೋದ ಹಾಗೆ, ಬೇಸಿಗೆ ಮಳೆಗಾಲ ಎಂಬ ಭೇದವಿಲ್ಲದೆ. ಮನೆಮಂದಿಗೆಲ್ಲ ‘ಸ್ವಿಚ್ ಮುಟ್ಟಬೇಡಿ’ ಎನ್ನುವುದು ನಡೆಯುವ ಮಾತಲ್ಲ. ಅದರ ಬದಲು ಸ್ಮಾರ್ಟ್ ಬಲ್ಬ್ ತೆಗೆದು ಮಾಮೂಲಿ ಎಲ್‌ಇಡಿ ಹಾಕಿ, ಸ್ವಿಚ್ ಬೋರ್ಡಿನ ಹಿಂದೆ ಜಿಗ್ಬೀ ಮಾಡ್ಯೂಲ್ ಕೂರಿಸಿ. ಗೋಡೆಯ ಸ್ವಿಚ್ ಆರಿಸಿದರೂ ಮಾಡ್ಯೂಲ್‌ಗೆ ಕರೆಂಟು ಇದ್ದೇ ಇರುತ್ತದೆ. ಕೊಳ್ಳುವಾಗ ನ್ಯೂಟ್ರಲ್ ವೈರ್ ಬೇಕಾಗುವ ಮಾದರಿಯನ್ನೇ ತೆಗೆದುಕೊಳ್ಳಿ. ನ್ಯೂಟ್ರಲ್ ಇಲ್ಲದೆ ಓಡುವವು ಸಾಮಾನ್ಯವಾಗಿ ರಿಪೀಟರ್ ಕೆಲಸ ಮಾಡುವುದಿಲ್ಲ. ಹಳೆಯ ಮನೆಗಳ ಸ್ವಿಚ್ ಬೋರ್ಡಿಗೆ ನ್ಯೂಟ್ರಲ್ ಬಂದಿರುವುದು ಕಡಿಮೆ. ಪಕ್ಕದಲ್ಲಿ ತ್ರೀಪಿನ್ ಸಾಕೆಟ್ ಇದ್ದರೆ ಅಲ್ಲಿಂದ ತರಬಹುದು. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ಕೂರುತ್ತದೆ, ಒದ್ದೆ ಗೋಡೆ 2.4 ಗಿಗಾಹರ್ಟ್ಸ್ ಅಲೆಯನ್ನು ಒಣ ಗೋಡೆಗಿಂತ ಹೆಚ್ಚು ಹೀರುತ್ತದೆ. ಬೇಸಿಗೆಯಲ್ಲಿ ಕಷ್ಟಪಟ್ಟು ಮುಟ್ಟುತ್ತಿದ್ದ ಸಿಗ್ನಲ್ ಆಗ ಮುಟ್ಟುವುದಿಲ್ಲ. ಕಳಿಸಿದ ಸಂದೇಶಕ್ಕೆ ‘ಮುಟ್ಟಿತು’ ಎಂಬ ಉತ್ತರ ಬರದಿದ್ದರೆ ಸೆನ್ಸರ್ ಮತ್ತೆ ಮೂರು ಸಲ ಕಳಿಸುತ್ತದೆ, ಅಂದರೆ ನಾಲ್ಕು ಪಟ್ಟು ಖರ್ಚು. ಹಾಗಾಗಿ ರಿಪೀಟರನ್ನು ಸೆನ್ಸರ್ ಮತ್ತು ಹಬ್ ನಡುವೆ ಬಾಗಿಲು, ಮೆಟ್ಟಿಲ ತೆರವು ಇರುವ ಸಾಲಿನಲ್ಲಿಡಿ, ಗೋಡೆಯ ಮೂಲೆಗೆ ತುರುಕಬೇಡಿ. ಕಬ್ಬಿಣದ ಗ್ರಿಲ್, ಸ್ಟೀಲ್ ಬೀರು, ತಗಡಿನ ಬಾಗಿಲಿಗೆ ನೇರವಾಗಿ ಅಂಟಿಸಿದ ಸೆನ್ಸರ್‌ನ ಆಂಟೆನಾ ಹದಗೆಡುತ್ತದೆ. ನಡುವೆ 5ರಿಂದ 10 ಮಿಲಿಮೀಟರ್ ದಪ್ಪದ ಮರದ ಚೂರೋ ಫೋಮ್ ತುಂಡೋ ಕೊಡಿ, ಅಯಸ್ಕಾಂತದ ಕಡೆಗೂ ಅಷ್ಟೇ ದಪ್ಪ ಕೊಟ್ಟು ಎರಡನ್ನೂ ಸಮಮಟ್ಟಕ್ಕೆ ತನ್ನಿ.

ಹಬ್ಬನ್ನು ವೈಫೈ ರೌಟರ್‌ನ ತಲೆಯ ಮೇಲೆ ಕೂರಿಸುವುದು ಬಹಳ ಮನೆಗಳಲ್ಲಿರುವ ತಪ್ಪು. ಎರಡೂ ಒಂದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತವೆ, ವೈಫೈ ದನಿ ದೊಡ್ಡದು. ನಡುವೆ ಒಂದು ಮೀಟರಾದರೂ ಅಂತರವಿರಲಿ. ವೈಫೈ ಚಾನೆಲ್ ‘ಆಟೋ’ದಲ್ಲಿದ್ದರೆ ತೆಗೆದು 1ಕ್ಕೆ, ಅಗಲ 20 ಮೆಗಾಹರ್ಟ್ಸ್‌ಗೆ ನಿಲ್ಲಿಸಿ. ಆಗ ಜಿಗ್ಬೀಯ 15, 20, 25 ಎಲ್ಲವೂ ಬಿಡುವಾಗಿರುತ್ತವೆ. ಜಿಗ್ಬೀ ಚಾನೆಲ್ಲನ್ನೇ ಬದಲಿಸಲು ಹೋಗಬೇಡಿ, ಮಲಗಿರುವ ಸೆನ್ಸರ್‌ಗಳಲ್ಲಿ ಕೆಲವು ಹಿಂಬಾಲಿಸದೆ ಹಳೆಯ ಚಾನೆಲ್‌ನಲ್ಲೇ ಹುಡುಕುತ್ತಾ ಉಳಿಯುತ್ತವೆ. ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಡಾಂಗಲ್ಲೇ ನಿಮ್ಮ ಹಬ್ ಆಗಿದ್ದರೆ ಅದನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ನಿಂದ ದೂರವಿಡಿ. ಆ ಪೋರ್ಟಿನ ವಿದ್ಯುತ್ ಗದ್ದಲ ನೇರವಾಗಿ ಈ ಪಟ್ಟಿಗೇ ಬಂದು ಬೀಳುತ್ತದೆ. ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ವೈರ್ ಸಾಕು.

ಸೆಟ್ಟಿಂಗ್‌ಗಳಲ್ಲಿ ಆಗುವ ಉಳಿತಾಯ ಇದಕ್ಕಿಂತ ಕಡಿಮೆ, ಆದರೂ ತಾಪಮಾನದ ಸೆನ್ಸರ್‌ಗೆ ಮಾಡಿ. ವರದಿಗೆ ಕನಿಷ್ಠ ಅಂತರ 300 ಸೆಕೆಂಡು, ಗರಿಷ್ಠ 3600, ಬದಲಾವಣೆ ಅರ್ಧ ಡಿಗ್ರಿ. ಮೌಲ್ಯವನ್ನು ಡಿಗ್ರಿಯ ನೂರನೇ ಒಂದರಲ್ಲಿ ಬರೆಯಬೇಕಾದ್ದರಿಂದ ಅಲ್ಲಿ 50 ಎಂದು ತುಂಬಿ. ತೇವಾಂಶಕ್ಕೆ 300, ಅಂದರೆ ನೂರಕ್ಕೆ ಮೂರು. ಮಳೆಗಾಲದಲ್ಲಿ ತೇವಾಂಶ 90ರ ಮೇಲೆ ಸದಾ ತುಯ್ದಾಡುತ್ತಿರುತ್ತದೆ. ನೂರಕ್ಕೆ ಒಂದು ಬದಲಾದರೂ ಹೇಳು ಎಂದಿಟ್ಟರೆ ಸೆನ್ಸರ್‌ಗೆ ಬಿಡುವೇ ಸಿಗದು. ವಿಚಾರಣೆಯ ಅಂತರವನ್ನು 5 ಸೆಕೆಂಡಿನಿಂದ 60ಕ್ಕೆ ಏರಿಸಲು ನಿಮ್ಮ ಸೆನ್ಸರ್ ಒಪ್ಪುವುದಾದರೆ ಏರಿಸಿ, ಮೇಲೆ ಹೇಳಿದ 7.2 ಎಂಎಎಚ್ ಅಲ್ಲಿಗೆ 0.6ಕ್ಕೆ ಇಳಿಯುತ್ತದೆ. ಬಾಗಿಲು ಸೆನ್ಸರ್ ತಾನಾಗಿ ಸುದ್ದಿ ಕಳಿಸುವ ವೇಗಕ್ಕೆ ಇದರಿಂದ ಧಕ್ಕೆಯಿಲ್ಲ, ಹಬ್‌ನಿಂದ ಅದಕ್ಕೆ ಹೋಗುವ ಆದೇಶ ಮಾತ್ರ ತಡವಾಗುತ್ತದೆ, ಪೇರೆಂಟ್ ಅದನ್ನು ಇಟ್ಟುಕೊಳ್ಳುವ ಸಮಯ ಮೀರಿದರೆ ಮುಟ್ಟದೆಯೂ ಹೋಗಬಹುದು. ಫರ್ಮ್‌ವೇರ್ ಅಪ್‌ಡೇಟನ್ನು ಮುಗಿಯಲು ಬಂದ ಸೆಲ್ಲಿನ ಮೇಲೆ ಮಾಡಬೇಡಿ. ರೇಡಿಯೋ ಬಹಳ ಹೊತ್ತು ಎಚ್ಚರವಿರುವುದರಿಂದ ಅರ್ಧದಲ್ಲೇ ನಿಂತೀತು.

ಮೋಷನ್ ಸೆನ್ಸರ್‌ನಲ್ಲಿ ಜಾಗವೇ ಮುಖ್ಯ. ಅದು ನೋಡುವುದು ಬಿಸಿಯ ಚಲನೆಯನ್ನು. ಅಡುಗೆ ಒಲೆ, ಬಿಸಿಲು ಬೀಳುವ ಕಿಟಕಿ, ಫ್ಯಾನ್ ಗಾಳಿಗೆ ಹಾರಾಡುವ ಪರದೆ ಎದುರಿಗಿದ್ದರೆ ಯಾರೂ ಇಲ್ಲದಾಗಲೂ ಎದ್ದು ಕೂಗುತ್ತಿರುತ್ತದೆ. ಒಮ್ಮೆ ಕಂಡ ಮೇಲೆ ಮತ್ತೆ ನೋಡುವ ಅಂತರ 5 ಸೆಕೆಂಡು ಇದ್ದರೆ 60 ಮಾಡಿ, ಸೂಚನೆಯ ದೀಪ ಆರಿಸಿ. ಬೆಳಕನ್ನೂ ಅಳೆಯುವ ಮಾದರಿಯಾದರೆ ಆ ವರದಿಯನ್ನು ನಿಲ್ಲಿಸಿ, ಮೋಡ ಕವಿದು ಬಿಡುವಾಗಲೆಲ್ಲ ಅದು ಸುದ್ದಿ ಕಳಿಸುತ್ತದೆ.

ಇನ್ನು ಲಾಕ್. ಇಲ್ಲಿ ರೇಡಿಯೋಗಿಂತ ಮರ ದೊಡ್ಡ ಕಾರಣ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬುತ್ತದೆ, ಬೋಲ್ಟು ಚೌಕಟ್ಟಿನ ತಗಡಿನ ತೂತಿಗೆ ನೇರವಾಗಿ ಹೋಗದೆ ಅಂಚಿಗೆ ಉಜ್ಜಿಕೊಂಡು ಹೋಗುತ್ತದೆ. ಸರಾಗವಾಗಿ ಓಡುವ ಮೋಟರಿಗಿಂತ ಸಿಕ್ಕಿಕೊಂಡ ಮೋಟರ್ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಸಾಲದ್ದಕ್ಕೆ ಲಾಕ್ ಹಿಂದೆ ಎಳೆದು ಮತ್ತೆ ಮತ್ತೆ ತಳ್ಳುತ್ತದೆ. ಪರೀಕ್ಷೆಗೆ ಬಾಗಿಲು ತೆರೆದಿಟ್ಟು ಬೋಲ್ಟನ್ನು ಐದು ಸಲ ಹೊರಗೆ ಒಳಗೆ ಓಡಿಸಿ ಮೋಟರಿನ ದನಿ ಕೇಳಿ. ಆಮೇಲೆ ಬಾಗಿಲು ಮುಚ್ಚಿ ಅದೇ ಮಾಡಿ. ದನಿ ದಪ್ಪವಾಗಿ, ಎಳೆದಂತೆ, ಕೊನೆಯಲ್ಲಿ ನರಳಿದಂತೆ ಬಂದರೆ ಉಜ್ಜುತ್ತಿದೆ ಎಂದೇ ಅರ್ಥ.

ಎಲ್ಲಿ ಉಜ್ಜುತ್ತಿದೆ ಎಂದು ತಿಳಿಯಲು ಚಿಟಿಕೆ ಕುಂಕುಮವನ್ನು ಎರಡು ಹನಿ ಎಣ್ಣೆಯಲ್ಲಿ ಕಲೆಸಿ ಬೋಲ್ಟಿನ ತುದಿಗೆ, ನಾಲ್ಕೂ ಬದಿಗೆ ತೆಳ್ಳಗೆ ಹಚ್ಚಿ. ಬಾಗಿಲು ಮುಚ್ಚಿ ಲಾಕ್ ಮಾಡಿ ತೆಗೆಯಿರಿ. ತಗಡಿನ ತೂತಿನ ಯಾವ ಅಂಚಿನಲ್ಲಿ ಕೆಂಪು ಗೆರೆ ಮೂಡಿತೋ ಅಲ್ಲೇ ತೊಂದರೆ. ಗೆರೆ ಕೆಳಗಿನ ಅಂಚಿನಲ್ಲಿದ್ದರೆ ಬಾಗಿಲು ಜಗ್ಗಿದೆ, ಮೇಲಿನ ಕೀಲಿನ ಸ್ಕ್ರೂ ಸಡಿಲಾಗಿರುತ್ತದೆ; ಬಿಗಿಯಾಗದಿದ್ದರೆ ಉದ್ದನೆಯ ಸ್ಕ್ರೂ ಹಾಕಿ. ಪಕ್ಕದ ಅಂಚಿನಲ್ಲಿದ್ದರೆ ತಗಡನ್ನು ಬಿಚ್ಚಿ ಆ ಬದಿಯನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ ಅಗಲ ಮಾಡಿ, ಹಿಂದಿನ ಮರದ ಗುಳಿಯನ್ನೂ ಅಷ್ಟೇ ಉಳಿಯಿಂದ ಕೆತ್ತಿ. ಬೋಲ್ಟಿನ ಪೂರ್ತಿ ಉದ್ದಕ್ಕೆ ಗುಳಿ ಆಳ ಸಾಲದಿದ್ದರೂ ಮೋಟರ್ ತುದಿಯಲ್ಲಿ ತಡೆದು ನಿಲ್ಲುತ್ತದೆ, ಅದನ್ನೂ ನೋಡಿಕೊಳ್ಳಿ. ಬಾಗಿಲಿಗೇ ಕೀಸುಳಿ ಹೊಡೆಯಲು ಆತುರ ಬೇಡ. ಉಬ್ಬಿದಾಗ ಕೀಸಿದ ಬಾಗಿಲು ಮಾರ್ಚ್ ತಿಂಗಳಿಗೆ ಕುಗ್ಗಿ ಸಂದಿ ಬಿಡುತ್ತದೆ. ಬೋಲ್ಟಿಗೆ ತೆಂಗಿನೆಣ್ಣೆ ಹಚ್ಚಿ ಬಿಡಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತದೆ. ಕುಂಕುಮ ಒರೆಸಿ ತೆಗೆದು ಗ್ರ್ಯಾಫೈಟ್ ಪುಡಿ ಸವರಿ.

ಲಾಕ್‌ಗೆ ಇನ್ನೂ ಎರಡು ಮಾತು. ಟಚ್ ಕೀಪ್ಯಾಡ್ ಮೇಲೆ ಇರಚಲು ಹೊಡೆದರೆ ನೀರಿನ ಹನಿಯನ್ನೇ ಬೆರಳೆಂದು ತಿಳಿದು ದೀಪ ಹೊತ್ತಿಸಿಕೊಳ್ಳುತ್ತದೆ, ಮಳೆ ಸುರಿದಷ್ಟು ಹೊತ್ತೂ. ಮೇಲೊಂದು ಪ್ಲಾಸ್ಟಿಕ್ ಅಥವಾ ತಗಡಿನ ಮರೆ ಹಾಕಿಸಿ. ತಾನಾಗಿ ಲಾಕ್ ಆಗುವ ಸಮಯ 10 ಸೆಕೆಂಡಿದ್ದರೆ 2 ನಿಮಿಷಕ್ಕೆ ಏರಿಸಿ; ಅಂಗಳಕ್ಕೂ ಒಳಗೂ ಓಡಾಡುವ ಹೊತ್ತಿನಲ್ಲಿ ಮೋಟರಿನ ಎಷ್ಟೋ ಸುತ್ತು ಉಳಿಯುತ್ತವೆ.

ರೀಚಾರ್ಜೆಬಲ್ ಬಗ್ಗೆ ಕೇಳಿದ್ದೀರಿ. ಲಾಕ್‌ಗೆ ಬೇಡ. ಎನ್‌ಐಎಂಎಚ್ ಸೆಲ್ 1.2 ವೋಲ್ಟು, ನಾಲ್ಕಕ್ಕೆ 4.8, ಲಾಕ್ ಲೆಕ್ಕ ಹಾಕಿರುವುದು 6ಕ್ಕೆ. ತುಂಬಿದ ದಿನವೇ ಕಡಿಮೆ ತೋರಿಸಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಈ ಸೆಲ್ಲುಗಳು ಕೊನೆಯವರೆಗೂ ಸಮನಾಗಿ ನಿಂತು ಆಮೇಲೆ ಒಮ್ಮೆಲೇ ಬೀಳುತ್ತವೆ, ಮುನ್ಸೂಚನೆ ಸಿಗುವ ಮೊದಲೇ ನೀವು ಹೊರಗೆ ನಿಂತಿರುತ್ತೀರಿ. ಒಂದೇ ಕಂಪನಿಯ, ಒಂದೇ ಪ್ಯಾಕಿನ ನಾಲ್ಕು ಆಲ್ಕಲೈನ್ ಹಾಕಿ, ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್-ಕಾರ್ಬನ್ ಸೆಲ್ ಮೋಟರ್ ತಿರುಗಿಸಲು ಲಾಯಕ್ಕಲ್ಲ, ಸೋರಿ ಕಾಂಟ್ಯಾಕ್ಟ್ ಹಾಳುಮಾಡುವುದೂ ಅದೇ.

ಬಟನ್ ಸೆಲ್ಲಿನಲ್ಲಂತೂ ರೀಚಾರ್ಜೆಬಲ್ ಕಡೆ ತಿರುಗಿಯೂ ನೋಡಬೇಡಿ. ಎಲ್‌ಐಆರ್2032 ಎಂದು ಮಾರುವ ಸೆಲ್ ಅಳತೆಯಲ್ಲಿ ಸಿಆರ್2032ರಂತೆಯೇ ಕಂಡರೂ ತುಂಬಿದಾಗ 4.2 ವೋಲ್ಟು. 3 ವೋಲ್ಟಿನ ಸೆನ್ಸರ್ ಸುಟ್ಟುಹೋಗಬಹುದು. ಅದರಲ್ಲಿರುವ ಶಕ್ತಿಯೂ 40 ಎಂಎಎಚ್ ಆಸುಪಾಸು, ಐದರಲ್ಲಿ ಒಂದು ಪಾಲೂ ಇಲ್ಲ.

ಗೇಟಿನ ವೈಫೈ ಸೆನ್ಸರ್ ಪ್ರತಿ ಸಲ ಎದ್ದಾಗ ವೈಫೈಗೆ ಸೇರಿ, ವಿಳಾಸ ಪಡೆದು, ಇಂಟರ್‌ನೆಟ್ ಸರ್ವರ್ ಮುಟ್ಟಬೇಕು. 80 ಮಿಲಿಆಂಪಿಯರ್‌ನಂತೆ 3 ಸೆಕೆಂಡು ಹಿಡಿದರೆ ಒಂದು ಸುದ್ದಿಗೆ 0.067 ಎಂಎಎಚ್, ಜಿಗ್ಬೀ ಸುದ್ದಿಯ ಸಾವಿರದಿನ್ನೂರು ಪಟ್ಟು. ದಿನಕ್ಕೆ ನೂರು ಸುದ್ದಿಯಾದರೆ ಒಳ್ಳೆಯ ಎಎಎ ಆಲ್ಕಲೈನ್ ಜೋಡಿ ಐದು ತಿಂಗಳು ಬಂದೀತು. ದೂರದ ಗೇಟಿನಲ್ಲಿ ಸಿಗ್ನಲ್ ಕ್ಷೀಣಿಸಿ ಸೇರಲು ಹತ್ತು ಸೆಕೆಂಡು ಹಿಡಿದರೆ ಒಂದೂವರೆ ತಿಂಗಳಷ್ಟೇ. ಇದನ್ನು ಸರಿಮಾಡುವುದಕ್ಕಿಂತ ತೆಗೆದುಬಿಡುವುದೇ ಮೇಲು. ಜಗುಲಿಯಲ್ಲಿ ಯುಪಿಎಸ್ ಮೇಲೊಂದು ರಿಪೀಟರ್ ಇಟ್ಟು ಗೇಟಿಗೂ ಜಿಗ್ಬೀ ಸೆನ್ಸರನ್ನೇ ಹಾಕಿ.

ಮಗ ಮಾಡಿದ ಟ್ಯಾಂಕ್ ಸೆನ್ಸರ್ ಎಷ್ಟು ದಿನ ಬರುತ್ತದೆಂದು ಬರೆದಿಲ್ಲ. ಅದು 18650 ಸೆಲ್ಲನ್ನು 5 ವೋಲ್ಟಿಗೆ ಏರಿಸುವ ಶೀಲ್ಡ್ (ಸೆಲ್ ಕೂರಿಸುವ ಸಣ್ಣ ಬೋರ್ಡ್) ಮೇಲೆ ಕೂತ ಮಾಮೂಲಿ ನೋಡ್‌ಎಂಸಿಯು ಬೋರ್ಡ್ ಆಗಿದ್ದರೆ ಎರಡು ವಾರ ದಾಟುವುದು ಕಷ್ಟ. ಇಎಸ್‌ಪಿ8266 ಚಿಪ್ ಡೀಪ್ ಸ್ಲೀಪ್‌ನಲ್ಲಿ ಎಳೆಯುವುದು 20 ಮೈಕ್ರೋಆಂಪಿಯರ್. ಆದರೆ ಬೋರ್ಡಿನ ಮೇಲಿರುವ ಎಎಂಎಸ್1117 ರೆಗ್ಯುಲೇಟರ್ ಏನೂ ಕೆಲಸವಿಲ್ಲದೆಯೂ 5 ಮಿಲಿಆಂಪಿಯರ್ ತಿನ್ನುತ್ತದೆ, ಚಿಪ್‌ನ 250 ಪಟ್ಟು. ಶೀಲ್ಡ್‌ನ ನಷ್ಟ ಸೇರಿದರೆ ಸೆಲ್ಲಿನಿಂದ ಹೋಗುವುದು 8ರ ಹತ್ತಿರ, 2500 ಎಂಎಎಚ್ ಸೆಲ್ 13 ದಿನಕ್ಕೆ ಖಾಲಿ. ಬೋರ್ಡ್ ಬಿಟ್ಟು ಬರಿಯ ಇಎಸ್‌ಪಿ-12 ಮಾಡ್ಯೂಲ್ ತೆಗೆದುಕೊಂಡು 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ನೇರವಾಗಿ 3.3 ವೋಲ್ಟ್ ಪಿನ್ನಿಗೆ ಕೊಡಿ, ಪಕ್ಕದಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್. ಈ ಸೆಲ್ಲಿಗೆ ಅದರದೇ ಚಾರ್ಜರ್ ಬೇಕು, 4.2 ವೋಲ್ಟಿನ ಟಿಪಿ4056 ಹಾಕಿದರೆ ಸೆಲ್ಲೂ ಹಾಳು, ಚಿಪ್ಪೂ ಹಾಳು. ನಿದ್ದೆಯಿಂದ ಏಳಲು ಜಿಪಿಐಒ16ರಿಂದ ರೀಸೆಟ್ ಪಿನ್ನಿಗೆ ತಂತಿ ಮರೆಯಬೇಡಿ. ಸ್ಥಿರ ಐಪಿ ಕೊಟ್ಟು, ವೈಫೈ ಚಾನೆಲ್ ಮತ್ತು ರೌಟರ್‌ನ ಬಿಎಸ್‌ಎಸ್‌ಐಡಿಯನ್ನು (ಅದರ ವೈಫೈ ರೇಡಿಯೋದ ಗುರುತಿನ ಸಂಖ್ಯೆ) ಕೋಡ್‌ನಲ್ಲೇ ಬರೆದರೆ ಸೇರಿಕೊಳ್ಳುವ ಸಮಯ ಮೂರು ಸೆಕೆಂಡಿನಿಂದ ಒಂದರೊಳಗೆ ಇಳಿಯುತ್ತದೆ. ಬಾಗಿಲಿಗೂ ಸ್ವಂತ ಸೆನ್ಸರ್ ಮಾಡುವ ಆಸೆಯಿದ್ದರೆ, ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್‌ನ ಪುಲ್-ಅಪ್ ರೆಸಿಸ್ಟರ್ 10 ಕಿಲೋಓಮ್ ಇಡದಿರಲಿ. ಬಾಗಿಲು ಮುಚ್ಚಿದಷ್ಟು ಹೊತ್ತೂ ಅದರ ಮೂಲಕ 300 ಮೈಕ್ರೋಆಂಪಿಯರ್ ಹರಿದು ಸಿಆರ್2032 ಒಂದೇ ತಿಂಗಳಿಗೆ ಮುಗಿಯುತ್ತದೆ. 1 ಮೆಗಾಓಮ್ ಹಾಕಿದರೆ 3 ಮೈಕ್ರೋಆಂಪಿಯರ್.

ತೇವದ ಪಾಲು ಎಂದೆನಲ್ಲ. ಸೆಲ್ ಕೂರುವ ಹೋಲ್ಡರ್‌ನಲ್ಲಿ ಧೂಳು, ಬೆರಳ ಬೆವರು, ತೇವ ಸೇರಿ ತೆಳುವಾದ ಪದರವಾದರೆ ಪ್ಲಸ್‌ನಿಂದ ಮೈನಸ್‌ಗೆ ಸಣ್ಣ ಸೋರಿಕೆ ಶುರುವಾಗುತ್ತದೆ. ಆ ದಾರಿ 1 ಮೆಗಾಓಮ್ ಇದ್ದರೆ ವರ್ಷಕ್ಕೆ 26 ಎಂಎಎಚ್ ಹೋಗುತ್ತದೆ. ಸೆಲ್ ಬದಲಿಸುವಾಗ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಹೋಲ್ಡರ್ ಒರೆಸಿ, ಪೂರ್ತಿ ಒಣಗಿದ ಮೇಲೆ, ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿ. ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲೆಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪ ಹಚ್ಚಿರುತ್ತವೆ. ಕೆಲವು ಸಾಧನಗಳಲ್ಲಿ ಆ ಲೇಪವೇ ಕಾಂಟ್ಯಾಕ್ಟ್ ತಪ್ಪಿಸಿ ಹೊಸ ಸೆಲ್ಲನ್ನೂ ಸತ್ತಂತೆ ತೋರಿಸುತ್ತದೆ. ಅಂಥಲ್ಲಿ ಲೇಪವಿಲ್ಲದ ಸೆಲ್ ಬಳಸಿ. ಮಿಕ್ಕ ಸೆಲ್ಲುಗಳನ್ನು ಫ್ರಿಜ್‌ನಲ್ಲಿಡಬೇಡಿ. ಹೊರಗೆ ತೆಗೆದಾಗ ಅದರ ಮೈಮೇಲೆ ನೀರು ಕೂರುತ್ತದೆ. ತಂಪಾದ ಒಣ ಡಬ್ಬಿ ಸಾಕು.

ಆ್ಯಪ್ ತೋರಿಸುವ ಶೇಕಡಾವಾರನ್ನು ನಂಬಿ ಸೆಲ್ ಎಸೆಯಬೇಡಿ, ನಂಬಿ ಕೂರಲೂ ಬೇಡಿ. ಸಿಆರ್2032 ಆಯುಷ್ಯದ ಬಹುಭಾಗ 2.9 ವೋಲ್ಟಿನ ಸುತ್ತಲೇ ಇದ್ದು ಕೊನೆಗೆ ಸರ್ರನೆ ಇಳಿಯುತ್ತದೆ. ಖಚಿತವಾಗಿ ತಿಳಿಯಲು ಮಲ್ಟಿಮೀಟರ್ ಜೊತೆ ಒಂದು 220 ಓಮ್ ರೆಸಿಸ್ಟರ್ ಬೇಕು. ಸೆಲ್ಲಿಗೆ ರೆಸಿಸ್ಟರನ್ನು ಒಂದೇ ಸೆಕೆಂಡು ತಾಗಿಸಿ, ತಾಗಿರುವಾಗಲೇ ವೋಲ್ಟೇಜ್ ಓದಿ. ಹೊಸ ಸೆಲ್ 2.8ರ ಹತ್ತಿರ ನಿಲ್ಲುತ್ತದೆ. 2.5ಕ್ಕಿಂತ ಕೆಳಗೆ ಕುಸಿದರೆ ಒಳಗಿನ ತಡೆ ಹೆಚ್ಚಾಗಿದೆ. ರೆಸಿಸ್ಟರ್ ಇಲ್ಲದೆ 3 ತೋರಿಸಿದರೂ ರೇಡಿಯೋ ಏಳುವ ಕ್ಷಣದಲ್ಲಿ ಅದು ಕೈಕೊಡುತ್ತದೆ. ಅಂಗಡಿಯಿಂದ ತಂದ ಹೊಸ ಪಟ್ಟಿಯ ಮೊದಲ ಸೆಲ್ಲನ್ನೂ ಹೀಗೇ ನೋಡಿ. ವರ್ಷಗಟ್ಟಲೆ ಗಾಜಿನ ಶೋಕೇಸಿನ ಬಿಸಿಲಲ್ಲಿದ್ದ ಸೆಲ್ ಅಲ್ಲೇ ಸಿಕ್ಕಿಬೀಳುತ್ತದೆ.

ತೆಗೆದ ಬಟನ್ ಸೆಲ್ಲುಗಳನ್ನು ಮೇಜಿನ ಮೇಲೆ ಬಿಡಬೇಡಿ. ಸೆನ್ಸರ್ ಪಾಲಿಗೆ ಸತ್ತ ಸೆಲ್ಲಿನಲ್ಲೂ ಮಗುವಿನ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದೆ ಎಂಬ ಅನುಮಾನ ಬಂದರೂ ವಾಂತಿ ಮಾಡಿಸದೆ, ಕಾಯದೆ, ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಿ. ಎರಡೂ ಮುಖಕ್ಕೆ ಸೆಲ್ಲೋಟೇಪ್ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಎತ್ತರದಲ್ಲಿಟ್ಟು, ಡಬ್ಬಿ ತುಂಬಿದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.